ಖಾಡಿಯ ನೀರು ಏರಿದಾಗ ಲಿಂಕ್ ಯಾಕೆ ಇಳಿಯುತ್ತದೆ

ಮಾನ್ಖುರ್ದಿನ ಒಂದು ಟೆರೇಸಿನಿಂದ ವಾಶಿಯ ಇನ್ನೊಂದು ಟೆರೇಸಿಗೆ, ಠಾಣೆ ಖಾಡಿಯ (ಸಮುದ್ರದ ನೀರು ಒಳಬರುವ ಅಳಿವೆ) ಮೇಲಿಂದ, ಎರಡು ಡಿಶ್ ಎದುರುಬದುರು ಕಟ್ಟಿ ವೈರ್‌ಲೆಸ್ ಲಿಂಕ್ ಎಬ್ಬಿಸುವುದು ಒಂದು ದಿನದ ಕೆಲಸ. ಈ ದಡದಲ್ಲಿ ಹೋಟೆಲು, ಆ ದಡದಲ್ಲಿ ಅದರ ಶಾಖೆಯೋ ಗೋದಾಮೋ ಇರುವ ನಮ್ಮವರು ಮುಂಬೈಯಲ್ಲಿ ಕಡಿಮೆಯಿಲ್ಲ. ಬಿಲ್ಲಿಂಗ್, ಕ್ಯಾಮೆರಾ, ಸ್ಟಾಕಿನ ಲೆಕ್ಕ ಎಲ್ಲವೂ ಒಂದೇ ನೆಟ್‌ವರ್ಕಿಗೆ ಬರಬೇಕೆನ್ನುವುದು ಅವರ ಅಗತ್ಯ. ಕಟ್ಟಿದ ದಿನ ಪರದೆಯ ಮೇಲೆ 360 ಮೆಗಾಬಿಟ್ ಕಾಣುತ್ತದೆ. ನಾಲ್ಕು ದಿನ ಕಳೆದರೆ ದೂರು ಶುರು: ಕಾಲು ಗಂಟೆ ಕ್ಯಾಮೆರಾ ನಿಂತಿತ್ತು, ಆಮೇಲೆ ತಾನಾಗಿಯೇ ಸರಿಹೋಯಿತು. ಟೆರೇಸ್ ಹತ್ತಿ ನೋಡುವ ಹೊತ್ತಿಗೆ ಎಲ್ಲ ಸರಿಯಾಗಿಯೇ ಇರುತ್ತದೆ. ಡಿಶ್ಶನ್ನು ಸ್ವಲ್ಪ ಅಲ್ಲಾಡಿಸಿ, ನಟ್ಟು ಬಿಗಿ ಮಾಡಿ, ಪವರ್ ಎರಡು ಡಿಬಿ (ಡೆಸಿಬೆಲ್, ಸಿಗ್ನಲಿನ ಏರಿಳಿತದ ಅಳತೆ) ಏರಿಸಿ ಇಳಿದು ಬರುತ್ತಾರೆ. ಮರುದಿನ ಮತ್ತೆ ಅದೇ ದೂರು, ಆದರೆ ಬೇರೆ ಹೊತ್ತಿನಲ್ಲಿ.

ಆ "ಬೇರೆ ಹೊತ್ತು" ಅನ್ನುವುದರಲ್ಲೇ ಉತ್ತರ ಇದೆ. ಚಾನೆಲ್ ಕೆಟ್ಟಾಗ ರೇಡಿಯೋ ತಾನೇ ವೇಗ ಇಳಿಸುತ್ತದೆ, ಸುಧಾರಿಸಿದಾಗ ಏರಿಸುತ್ತದೆ. ಅದನ್ನು ಅದು ನಮಗಿಂತ ಎಷ್ಟೋ ಚುರುಕಾಗಿ ಮಾಡುತ್ತದೆ. ಆದರೆ ಅದಕ್ಕೆ ಗೊತ್ತಾಗುವುದು ಒಂದೇ ಸಂಗತಿ: ಕಳಿಸಿದ ಫ್ರೇಮಿಗೆ (ಡೇಟಾದ ಒಂದು ಕಟ್ಟು) ಆ ಕಡೆಯಿಂದ ತಲುಪಿತೆಂಬ ಉತ್ತರ ಬಂತೋ ಇಲ್ಲವೋ. ಬರದಿದ್ದರೆ ಯಾಕೆ ಬರಲಿಲ್ಲ ಅನ್ನುವುದು ಅದಕ್ಕೆ ತಿಳಿಯದು. ನೀರಿನ ಪ್ರತಿಫಲನವೋ, ಪಕ್ಕದ ಕಟ್ಟಡದ ರೇಡಿಯೋನೋ, ಕನೆಕ್ಟರಿನೊಳಗೆ ಹೋದ ಮಳೆನೀರೋ, ಎಲ್ಲಕ್ಕೂ ಅದರ ಹತ್ತಿರ ಇರುವುದು ಒಂದೇ ಮದ್ದು, ವೇಗ ಇಳಿಸುವುದು. ಕಾರಣ ಹುಡುಕುವುದು ಮನುಷ್ಯರ ಕೆಲಸ, ಮತ್ತು ಆ ಕಾರಣವನ್ನು ಹೇಳುವುದು ಗಡಿಯಾರ.

ಮೊದಲು ಈ ವೇಗದ ಏಣಿಯ ಮೆಟ್ಟಿಲುಗಳನ್ನು ನೋಡೋಣ. ಊಟದ ಹೊತ್ತಿನ ಹೋಟೆಲಿನಲ್ಲಿ ಆರ್ಡರ್ ಕೂಗುವುದನ್ನು ನೆನಪಿಸಿಕೊಳ್ಳಿ. ಬೆಳಿಗ್ಗೆ ಹನ್ನೊಂದಕ್ಕೆ ಗಿರಾಕಿ ಕಡಿಮೆ ಇದ್ದಾಗ ಐದು ಐಟಮ್ಮನ್ನು ಒಂದೇ ಉಸಿರಿಗೆ ಹೇಳಿದರೂ ಒಳಗಿನವರಿಗೆ ಕೇಳುತ್ತದೆ. ಒಂದು ಗಂಟೆಯ ಗದ್ದಲದಲ್ಲಿ ಒಂದೊಂದೇ ಐಟಮ್ಮನ್ನು ನಿಧಾನವಾಗಿ, ಎರಡು ಸಲ ಹೇಳಬೇಕು. ರೇಡಿಯೋ ಮಾಡುವುದೂ ಅದನ್ನೇ. 802.11 ಎಸಿ (ವೈಫೈಯ ಒಂದು ತಲೆಮಾರು) ರೇಡಿಯೋದಲ್ಲಿ ಈ ಮೆಟ್ಟಿಲುಗಳಿಗೆ ಎಂಸಿಎಸ್ ಎಂದು ಹೆಸರು, 0ಯಿಂದ 9ರ ತನಕ. ಕೆಳಗಿನ ಮೆಟ್ಟಿಲಲ್ಲಿ ಬಿಪಿಎಸ್‌ಕೆ: ಒಂದು ಸಂಕೇತಕ್ಕೆ ಒಂದು ಬಿಟ್, ಅದರಲ್ಲೂ ಅರ್ಧ ಭಾಗ ತಪ್ಪು ತಿದ್ದಲು ಮೀಸಲು. ಮೇಲಿನದರಲ್ಲಿ 256-ಕ್ವಾಮ್: ಒಂದು ಸಂಕೇತಕ್ಕೆ ಎಂಟು ಬಿಟ್, ತಿದ್ದುವುದಕ್ಕೆ ಆರರಲ್ಲಿ ಒಂದು ಪಾಲು ಮಾತ್ರ. 40 ಮೆಗಾಹರ್ಟ್ಸ್ ಅಗಲದ ಚಾನೆಲ್, ಎರಡು ಸ್ಟ್ರೀಮ್ (ಒಟ್ಟೊಟ್ಟಿಗೆ ಹೋಗುವ ಡೇಟಾದ ಧಾರೆ) ಇಟ್ಟುಕೊಂಡರೆ ಎಂಸಿಎಸ್ 0ಕ್ಕೆ 27 ಮೆಗಾಬಿಟ್, 3ಕ್ಕೆ 108, 7ಕ್ಕೆ 270, 9ಕ್ಕೆ 360. ಇವು ಗಾಳಿಯಲ್ಲಿನ ವೇಗ, ಕೈಗೆ ಸಿಗುವುದು ಇದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಈ ಮೆಟ್ಟಿಲುಗಳಲ್ಲಿ ನಿಲ್ಲಬೇಕಾದರೆ ಸಿಗ್ನಲ್ ಗದ್ದಲಕ್ಕಿಂತ ಕ್ರಮವಾಗಿ ಸುಮಾರು 5, 13, 25, 32 ಡಿಬಿ ಮೇಲಿರಬೇಕು.

ಈಗ ಖಾಡಿಯ ಲೆಕ್ಕ. ದೂರ 3 ಕಿಲೋಮೀಟರ್ ಎಂದಿಟ್ಟುಕೊಳ್ಳಿ. 5800 ಮೆಗಾಹರ್ಟ್ಸ್‌ನಲ್ಲಿ ಬಯಲಲ್ಲಿ ಆಗುವ ನಷ್ಟ 117 ಡಿಬಿ. ನಮ್ಮ ದೇಶದಲ್ಲಿ 5 ಗಿಗಾಹರ್ಟ್ಸ್‌ನ ಒಟ್ಟು 605 ಮೆಗಾಹರ್ಟ್ಸ್ ಅನ್ನು ಲೈಸೆನ್ಸ್ ಇಲ್ಲದೆ ಬಳಸಲು 2018ರಲ್ಲಿ ಬಿಟ್ಟುಕೊಟ್ಟರು. ಅದರ ಮೇಲಿನ ತುದಿಯಲ್ಲಿ ಆಂಟೆನಾದಿಂದ ಹೊರಡುವ ಒಟ್ಟು ಬಲಕ್ಕೆ 36 ಡಿಬಿಎಂ (ಒಂದು ಮಿಲಿವಾಟಿಗೆ ಹೋಲಿಸಿದ ಡಿಬಿ) ಮಿತಿ. 23 ಡಿಬಿಐ (ಒಂದೇ ದಿಕ್ಕಿಗೆ ಕೂಡಿಸಿ ಡಿಶ್ ಕೊಡುವ ಲಾಭ) ಡಿಶ್ ಹಾಕಿದರೆ ರೇಡಿಯೋಗೆ ಉಳಿಯುವುದು 13 ಡಿಬಿಎಂ. ಆ ಕಡೆಯ ಡಿಶ್ ಮತ್ತೆ 23 ಕೊಡುತ್ತದೆ. 36ಕ್ಕೆ 23 ಕೂಡಿಸಿ 117 ಕಳೆದರೆ -58 ಡಿಬಿಎಂ. 40 ಮೆಗಾಹರ್ಟ್ಸ್‌ನಲ್ಲಿ ರೇಡಿಯೋದ ಸ್ವಂತ ಗದ್ದಲ ಸುಮಾರು -92. ನಡುವಿನ ಅಂತರ 34 ಡಿಬಿ, ಎಂಸಿಎಸ್ 9ಕ್ಕೆ ಸಾಕು. ಕಾಗದದ ಮೇಲೆ ಲಿಂಕ್ ಗಟ್ಟಿ. ಕಟ್ಟಿದ ದಿನ 360 ಕಂಡದ್ದು ಸುಳ್ಳಲ್ಲ.

ಆದರೆ ಈ ಲೆಕ್ಕದಲ್ಲಿ ನೀರು ಇಲ್ಲ. ಡಿಶ್ಶಿನಿಂದ ನೇರ ಹೋಗುವ ಅಲೆಯ ಜೊತೆಗೆ ಇನ್ನೊಂದು ಅಲೆ ಖಾಡಿಯ ನೀರಿಗೆ ಬಡಿದು ಪುಟಿದು ಅದೇ ಡಿಶ್ಶಿಗೆ ಸೇರುತ್ತದೆ. ಎರಡೂ ಕಟ್ಟಡ ನೀರಿನಿಂದ 20 ಮೀಟರ್ ಎತ್ತರದಲ್ಲಿದ್ದರೆ ಆ ಅಲೆ ನೀರನ್ನು ಮುಟ್ಟುವ ಕೋನ ಮುಕ್ಕಾಲು ಡಿಗ್ರಿ, ಹೆಚ್ಚುಕಡಿಮೆ ಸವರಿಕೊಂಡು ಹೋದ ಹಾಗೆ. ಅಷ್ಟು ಓರೆಯಾಗಿ ಬಿದ್ದಾಗ ಅರ್ಧ ಮೀಟರ್ ಎತ್ತರದ ತೆರೆ ಇದ್ದರೂ ನೀರು ಕನ್ನಡಿಯೇ. ಖಾಡಿಯಲ್ಲಿ ಅಷ್ಟು ದೊಡ್ಡ ತೆರೆ ಏಳುವುದು ಅಪರೂಪ. ಪುಟಿದ ಅಲೆ ಬಲದಲ್ಲಿ ನೇರ ಅಲೆಗೆ ಹತ್ತಿರಹತ್ತಿರ ಸಮ, ಆದರೆ ಪುಟಿಯುವಾಗ ತಲೆಕೆಳಗಾಗಿರುತ್ತದೆ. ಅದು ಬಳಸಿ ಬಂದ ಹೆಚ್ಚಿನ ದೂರ ತರಂಗಾಂತರದ ಪೂರ್ಣ ಗುಣಕವಾದರೆ ಎರಡೂ ಒಂದನ್ನೊಂದು ಅಳಿಸುತ್ತವೆ. ಅದಕ್ಕೆ ಅರ್ಧ ತರಂಗಾಂತರ ಸೇರಿದರೆ ಒಂದಕ್ಕೊಂದು ಕೂಡಿಕೊಳ್ಳುತ್ತವೆ.

ಆ ಹೆಚ್ಚಿನ ದೂರದ ಲೆಕ್ಕ ಸುಲಭ: ಎರಡು ಎತ್ತರಗಳ ಗುಣಲಬ್ಧದ ಇಮ್ಮಡಿಯನ್ನು ನಡುವಿನ ದೂರದಿಂದ ಭಾಗಿಸಬೇಕು. 20 ಮೀಟರಿಗೆ ಅದು 26.7 ಸೆಂಟಿಮೀಟರ್. 5800 ಮೆಗಾಹರ್ಟ್ಸ್‌ನ ತರಂಗಾಂತರ 5.17 ಸೆಂಟಿಮೀಟರ್, ಅಂದರೆ ಐದು ತರಂಗಾಂತರಕ್ಕಿಂತ ಒಂದಿಷ್ಟು ಹೆಚ್ಚು. ಈಗ ಭರತ ಬರಲಿ. ಮುಂಬೈಯಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ಸುತ್ತಮುತ್ತ ಏರಿಳಿತದ ಅಂತರ 4 ಮೀಟರ್ ದಾಟುತ್ತದೆ. ನೀರು 2 ಮೀಟರ್ ಏರಿದರೆ ಕಟ್ಟಡ ನೀರಿನಿಂದ 18 ಮೀಟರ್ ಎತ್ತರದಲ್ಲಿದ್ದ ಹಾಗೆ, 2 ಮೀಟರ್ ಇಳಿದರೆ 22 ಮೀಟರ್. ಹೆಚ್ಚಿನ ದೂರ 21.6 ಸೆಂಟಿಮೀಟರಿನಿಂದ 32.3ರ ತನಕ ಓಡಾಡುತ್ತದೆ, 4.2 ತರಂಗಾಂತರದಿಂದ 6.2ರ ವರೆಗೆ. ನಡುವೆ 5 ಮತ್ತು 6 ಅನ್ನುವ ಎರಡು ಪೂರ್ಣ ಸಂಖ್ಯೆಗಳನ್ನು ದಾಟಬೇಕು. ಹೀಗಾಗಿ ಒಂದು ಇಳಿತದಿಂದ ಮುಂದಿನ ಭರತಕ್ಕೆ ಏರುವ ಆರು ಗಂಟೆ ಚಿಲ್ಲರೆಯಲ್ಲಿ ಲಿಂಕ್ ಎರಡು ಗುಂಡಿಗೆ ಬೀಳುತ್ತದೆ, ಇಳಿಯುವಾಗ ಮತ್ತೆ ಎರಡು.

ಗುಂಡಿಯ ಆಳ ಎಷ್ಟು? ನೀರು ರೇಡಿಯೋ ಅಲೆಯ ಎತ್ತರದಲ್ಲಿ ನೂರಕ್ಕೆ 90 ಪಾಲು ಹಿಂದಿರುಗಿಸುತ್ತದೆ ಎಂದುಕೊಂಡರೆ ಸಿಗ್ನಲ್ ಮಾಮೂಲಿಗಿಂತ 20 ಡಿಬಿ ಕುಸಿಯುತ್ತದೆ, ಕೂಡಿಕೊಂಡಾಗ 5 ಡಿಬಿಗಿಂತ ಸ್ವಲ್ಪ ಹೆಚ್ಚು ಏರುತ್ತದೆ. -58 ಇದ್ದದ್ದು ಒಮ್ಮೆ -52 ಆಗುತ್ತದೆ, ಇನ್ನೊಮ್ಮೆ -78. ಗದ್ದಲದಿಂದ ಅಂತರ 14 ಡಿಬಿಗೆ ಬಂತು, ರೇಡಿಯೋ ಎಂಸಿಎಸ್ 9ರಿಂದ 3ಕ್ಕೆ ಇಳಿಯಿತು. 10 ಡಿಬಿಗಿಂತ ಆಳದಲ್ಲಿ ಇರುವ ಹೊತ್ತು ಒಂದು ಸುತ್ತಿನ (ಒಂದು ಗುಂಡಿಯಿಂದ ಮುಂದಿನ ಗುಂಡಿಯ ತನಕ) ಹತ್ತನೇ ಒಂದು ಭಾಗ. ಒಂದು ಸುತ್ತಿಗೆ ನೀರು 2 ಮೀಟರ್ ಏರಬೇಕು, ನಡು ಭರತದಲ್ಲಿ ಅದು ಗಂಟೆಗೆ ಮುಕ್ಕಾಲರಿಂದ ಒಂದು ಮೀಟರ್ ಏರುತ್ತದೆ. 20 ಸೆಂಟಿಮೀಟರ್ ಏರಲು ಬೇಕಾಗುವುದು ಕಾಲು ಗಂಟೆ. ದೂರಿನಲ್ಲಿದ್ದ ಕಾಲು ಗಂಟೆ ಇದೇ.

ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ನಿನ್ನೆ 2 ಗಂಟೆಗೆ ಬಿದ್ದ ಲಿಂಕ್ ಇವತ್ತು 2.50ಕ್ಕೆ, ನಾಳೆ 3.40ಕ್ಕೆ ಬಿದ್ದರೆ ಅದು ನೀರು, ಬೇರೆ ಏನೂ ಅಲ್ಲ. ಅಷ್ಟಮಿಯ ಸುಮಾರಿಗೆ ಏರಿಳಿತ ಕಡಿಮೆಯಾದಾಗ ಗುಂಡಿಗಳ ಸಂಖ್ಯೆಯೂ ಕಡಿಮೆಯಾಗುತ್ತದೆ. ಅದಕ್ಕೇ ಇಂಥ ಲಿಂಕನ್ನು ಒಂದು ದಿನ ಪರೀಕ್ಷಿಸಿ ಪಾಸು ಮಾಡಬಾರದು. ಒಂದು ಪಕ್ಷ ಪೂರ್ತಿ, ಹದಿನೈದು ದಿನ, ನಿಮಿಷಕ್ಕೊಮ್ಮೆ ಐದು ಅಂಕಿಗಳನ್ನು ಬರೆದಿಡಬೇಕು: ಎರಡೂ ಚೈನುಗಳ (ರೇಡಿಯೋದೊಳಗೆ ಕಳಿಸುವ, ಕೇಳುವ ಎರಡು ಪ್ರತ್ಯೇಕ ದಾರಿಗಳು) ಸಿಗ್ನಲ್ ಬೇರೆ ಬೇರೆಯಾಗಿ, ಗದ್ದಲದ ಮಟ್ಟ, ನಡೆಯುತ್ತಿರುವ ಎಂಸಿಎಸ್, ಮರುಕಳಿಸಿದ (ತಲುಪದೆ ಮತ್ತೆ ಕಳಿಸಿದ) ಫ್ರೇಮುಗಳ ಶೇಕಡಾವಾರು, ಈಥರ್ನೆಟ್ ಪೋರ್ಟಿನ ವೇಗ. ಹೆಚ್ಚಿನ ಹೊರಾಂಗಣ ರೇಡಿಯೋಗಳು ಎಸ್‌ಎನ್‌ಎಂಪಿಯಲ್ಲಿ (ನೆಟ್‌ವರ್ಕಿನ ಸಾಧನಗಳಿಂದ ಅಂಕಿ ಓದುವ ವಿಧಾನ) ಇವನ್ನು ಕೊಡುತ್ತವೆ, ಹಳೆಯ ಒಂದು ಲ್ಯಾಪ್‌ಟಾಪ್ ಸಾಕು. ಆ ಗ್ರಾಫಿನ ಪಕ್ಕದಲ್ಲಿ ಭರತದ ಪಟ್ಟಿ ಇಡಿ. ಪಟ್ಟಿಯಲ್ಲಿರುವ ಹೊತ್ತು ಅಪೋಲೊ ಬಂದರಿನದ್ದಾದರೆ ಖಾಡಿಯ ಒಳಗೆ ನೀರು ಸ್ವಲ್ಪ ತಡವಾಗಿ ಏರುತ್ತದೆ, ಅದನ್ನು ಹೊಂದಿಸಿಕೊಳ್ಳಬೇಕು.

ಇನ್ನೊಂದು ಗುರುತು ನನಗೆ ತುಂಬ ಬೆಲೆಯದು ಅನಿಸುತ್ತದೆ. ನೀರಿನ ಪ್ರತಿಫಲನವಾದರೆ ಎರಡೂ ಚೈನುಗಳು ಒಟ್ಟಿಗೆ ಇಳಿಯುತ್ತವೆ, ಯಾಕೆಂದರೆ ಇಷ್ಟು ಓರೆ ಕೋನದಲ್ಲಿ ನಿಂತ ಅಲೆಯೂ (ಮೇಲೆ ಕೆಳಗೆ ಕಂಪಿಸುವುದು) ಮಲಗಿದ ಅಲೆಯೂ (ಅಡ್ಡಕ್ಕೆ ಕಂಪಿಸುವುದು) ಒಂದೇ ರೀತಿ ಪುಟಿಯುತ್ತವೆ. ಒಂದು ಚೈನು ಮಾತ್ರ ಇಳಿದು ಇನ್ನೊಂದು ಹಾಗೇ ನಿಂತಿದ್ದರೆ ನೀರು ಖಾಡಿಯಲ್ಲಿಲ್ಲ, ಕನೆಕ್ಟರಿನಲ್ಲಿದೆ.

ಗುಂಡಿ ಮುಚ್ಚುವ ದಾರಿಗಳಲ್ಲಿ ಮೊದಲು ಕೆಲಸಕ್ಕೆ ಬಾರದವನ್ನು ಹೇಳಿಬಿಡುತ್ತೇನೆ. ಪವರ್ ಏರಿಸುವುದು: ನೇರ ಅಲೆ ಎಷ್ಟು ಏರುತ್ತದೋ ಪುಟಿದ ಅಲೆಯೂ ಅಷ್ಟೇ ಏರುತ್ತದೆ. 20 ಡಿಬಿಯ ಗುಂಡಿಯನ್ನು 2 ಡಿಬಿ ಮಣ್ಣು ಹಾಕಿ ತುಂಬಿಸಲಾಗದು. ಮೇಲಾಗಿ ಕಾನೂನಿನ ಮಿತಿ ಇದೆ, ರೇಡಿಯೋದ ಮಿತಿಯೂ ಇದೆ. 256-ಕ್ವಾಮ್‌ಗೆ ಕಳಿಸುವ ಸಂಕೇತವೇ ತೀರಾ ಶುದ್ಧವಾಗಿರಬೇಕು, ಅದರ ತಪ್ಪು -32 ಡಿಬಿ ಒಳಗಿರಬೇಕು. ಆಂಪ್ಲಿಫೈಯರನ್ನು ತುದಿಯವರೆಗೆ ಎಳೆದರೆ ಅದು ಸಂಕೇತವನ್ನು ಹಿಂಡಿ ವಿಕಾರ ಮಾಡುತ್ತದೆ. ಪವರ್ ಏರಿಸಿದ ಮೇಲೆ ವೇಗ ಕಡಿಮೆಯಾಯಿತು ಅನ್ನುವವರು ತಪ್ಪು ನೋಡಿದ್ದಾರೆಂದು ಅಲ್ಲ, ಅದಕ್ಕೆ ಇದೇ ಕಾರಣ. ಡಿಶ್ಶನ್ನು ಮೇಲಕ್ಕೆ ಓರೆ ಮಾಡುವುದೂ 3 ಕಿಲೋಮೀಟರಿನಲ್ಲಿ ಹೆಚ್ಚು ಫಲ ಕೊಡದು. ಮುಕ್ಕಾಲು ಡಿಗ್ರಿಯ ವ್ಯತ್ಯಾಸವನ್ನು ಹತ್ತು ಡಿಗ್ರಿ ಅಗಲದ ಕಿರಣ ಗುರುತಿಸುವುದಿಲ್ಲ. ಪಕ್ಕದ ಚಾನೆಲಿಗೆ ಹೋಗುವುದೂ ಅಷ್ಟೆ. ಗುಂಡಿಯಿಂದ ದಿಬ್ಬಕ್ಕೆ ಏರಬೇಕಾದರೆ 560 ಮೆಗಾಹರ್ಟ್ಸ್ ಸರಿಯಬೇಕು, 20 ಸರಿದರೆ ಏನೂ ಬದಲಾಗದು.

ಆದರೆ ಅದೇ 560 ಅನ್ನುವ ಅಂಕಿ ಒಂದು ಒಳ್ಳೆಯ ದಾರಿ ತೋರಿಸುತ್ತದೆ. 5 ಗಿಗಾಹರ್ಟ್ಸ್‌ನ ಕೆಳ ತುದಿ 5180, ಮೇಲಿನದು 5800. ನಡುವೆ 620 ಮೆಗಾಹರ್ಟ್ಸ್. ಒಂದೇ ಕಂಬದಲ್ಲಿ ಎರಡು ರೇಡಿಯೋ ಕಟ್ಟಿ ಒಂದನ್ನು ಕೆಳ ತುದಿಯಲ್ಲಿ, ಒಂದನ್ನು ಮೇಲಿನ ತುದಿಯಲ್ಲಿ ಓಡಿಸಿದರೆ ಒಂದು ಗುಂಡಿಯಲ್ಲಿರುವಾಗ ಇನ್ನೊಂದು ದಿಬ್ಬದ ಮೇಲೋ ಅದರ ಬದಿಯಲ್ಲೋ ಇರುತ್ತದೆ. ನೀರು 2 ಮೀಟರ್ ಮೇಲಿರಲಿ ಕೆಳಗಿರಲಿ, ಎರಡರ ನಡುವಿನ ವ್ಯತ್ಯಾಸ ಸುತ್ತಿನ 0.45ರಿಂದ 0.67ರ ಒಳಗೇ ಉಳಿಯುತ್ತದೆ, ಎರಡೂ ಒಟ್ಟಿಗೆ ಬೀಳುವ ಸಂದರ್ಭ ಬರುವುದಿಲ್ಲ. ಕೆಳ ತುದಿಯ ಪಟ್ಟಿಗೆ ಪವರಿನ ಮಿತಿ ಬೇರೆ, ರೇಡಿಯೋದಲ್ಲಿ ದೇಶ ಇಂಡಿಯಾ ಎಂದು ಆರಿಸಿ ಅದು ಬಿಟ್ಟಷ್ಟೇ ಬಳಸಿ.

ಎರಡನೇ ರೇಡಿಯೋಗೆ ಖರ್ಚು ಬೇಡ ಅನ್ನುವವರಿಗೆ ಎತ್ತರದ ದಾರಿ ಇದೆ. ಹೊರಗೆ ಆಂಟೆನಾ ಸಾಕೆಟ್ ಇರುವ ರೇಡಿಯೋ ಬೇಕು. ಒಂದು ಕಡೆ ಒಂದೇ ಡಿಶ್ಶಿನ ಬದಲು ಎರಡು ಡಿಶ್, ಒಂದರ ಕೆಳಗೆ ಒಂದು, ನಡುವೆ 1.9 ಮೀಟರ್. ಈ ಅಂತರ ಬಂದದ್ದು ತರಂಗಾಂತರವನ್ನು ದೂರದಿಂದ ಗುಣಿಸಿ, ಆ ಕಡೆಯ ಎತ್ತರದ ನಾಲ್ಕು ಪಟ್ಟಿನಿಂದ ಭಾಗಿಸಿ. ಮೇಲಿನ ಡಿಶ್ಶಿನ ನಿಂತ ಪೋರ್ಟ್ ಚೈನ್ 0ಕ್ಕೆ, ಕೆಳಗಿನದರ ಮಲಗಿದ ಪೋರ್ಟ್ ಚೈನ್ 1ಕ್ಕೆ. ಎದುರಿನ ಕಡೆ ಮಾಮೂಲಿ ಎರಡು ಪೋರ್ಟಿನ ಒಂದೇ ಡಿಶ್. ಈಗ ಒಂದು ಚೈನು ಗುಂಡಿಗೆ ಬಿದ್ದಾಗ ಇನ್ನೊಂದು ದಿಬ್ಬದಲ್ಲಿರುತ್ತದೆ. ರೇಡಿಯೋ ಎರಡು ಸ್ಟ್ರೀಮಿನಿಂದ ಒಂದಕ್ಕೆ ಬರುತ್ತದೆ, ವೇಗ ಅರ್ಧವಾಗುತ್ತದೆ, ಆದರೆ ಲಿಂಕ್ ಸಾಯುವುದಿಲ್ಲ. ಈ ಜೋಡಣೆಯಲ್ಲಿ ಮೊದಲೇ ಹೇಳಿದ "ಎರಡೂ ಚೈನು ಒಟ್ಟಿಗೆ" ಅನ್ನುವ ಗುರುತು ತಿರುಗುಮುರುಗಾಗುತ್ತದೆ ಅನ್ನುವುದನ್ನು ಟೆರೇಸಿನ ಡಬ್ಬಿಯ ಮೇಲೆ ಬರೆದಿಡಿ, ಮುಂದೆ ರಿಪೇರಿಗೆ ಬರುವವರಿಗೆ ಬೇಕಾಗುತ್ತದೆ.

ಗಡಿಯಾರ ಹೇಳುವ ಎರಡನೇ ಕಥೆ ಬೇರೆ. ಲಿಂಕ್ ಪ್ರತಿದಿನ ರಾತ್ರಿ ಎಂಟರಿಂದ ಹನ್ನೊಂದರ ತನಕ ಸೊರಗಿ, ಭಾನುವಾರ ಇಡೀ ದಿನ ಸೊರಗಿದರೆ ಅದು ಚಂದ್ರನ ಲೆಕ್ಕವಲ್ಲ, ಜನರ ಲೆಕ್ಕ. ಸುತ್ತಲಿನ ಸೊಸೈಟಿಗಳಲ್ಲಿ ಎಲ್ಲರೂ ಮನೆಗೆ ಬಂದು ವೈಫೈ ಹಿಡಿದಿದ್ದಾರೆ. ಇಲ್ಲಿ ಸಿಗ್ನಲ್ -58ರಲ್ಲೇ ಅಲ್ಲಾಡದೆ ನಿಂತಿರುತ್ತದೆ, ಗದ್ದಲ -92ರಿಂದ -85ಕ್ಕೋ -80ಕ್ಕೋ ಏರಿರುತ್ತದೆ, ಮರುಕಳಿಕೆ ಹೆಚ್ಚಿರುತ್ತದೆ.

ರೇಡಿಯೋದ ಸ್ವಯಂ ಹೊಂದಾಣಿಕೆ ತಪ್ಪು ಹಾದಿ ಹಿಡಿಯುವುದು ಇಲ್ಲೇ. 1990ರ ದಶಕದ ಎಆರ್‌ಎಫ್ ಎಂಬ ಹಳೆಯ ವಿಧಾನದಲ್ಲಿ ಹತ್ತು ಫ್ರೇಮ್ ಸರಿಯಾಗಿ ಹೋದರೆ ಒಂದು ಮೆಟ್ಟಿಲು ಮೇಲೆ, ಎರಡು ಸಾಲಾಗಿ ತಪ್ಪಿದರೆ ಒಂದು ಮೆಟ್ಟಿಲು ಕೆಳಗೆ. ಈಗಿನ ಲಿನಕ್ಸ್ ರೇಡಿಯೋಗಳಲ್ಲಿರುವ ಮಿನ್‌ಸ್ಟ್ರೆಲ್ ಇದಕ್ಕಿಂತ ಜಾಣ: ಪ್ರತಿ ವೇಗಕ್ಕೂ ಎಷ್ಟು ಪಾಲು ಯಶಸ್ಸು ಅನ್ನುವ ಪಟ್ಟಿ ಇಟ್ಟುಕೊಂಡು, ಆಗಾಗ ಕೆಲವು ಫ್ರೇಮುಗಳನ್ನು ಬೇರೆ ವೇಗಗಳಲ್ಲಿ ಕಳಿಸಿ ನೋಡಿ, ಅನುಭವ ಹಳೆಯದಾದಷ್ಟೂ ಅದಕ್ಕೆ ಕಡಿಮೆ ತೂಕ ಕೊಟ್ಟು ಲೆಕ್ಕ ತಿದ್ದುತ್ತದೆ. ಎರಡಕ್ಕೂ ಒಂದೇ ಕುರುಡು. ಇನ್ನೊಬ್ಬರ ಫ್ರೇಮ್ ಬಂದು ಡಿಕ್ಕಿ ಹೊಡೆದು ಹಾಳಾದದ್ದನ್ನೂ, ಸಿಗ್ನಲ್ ಕಡಿಮೆಯಾಗಿ ಹಾಳಾದದ್ದನ್ನೂ ಅವು ಒಂದೇ ಎಂದು ತಿಳಿಯುತ್ತವೆ. ಸಿಗ್ನಲ್ ಕಡಿಮೆಯಾದರೆ ನಿಧಾನವಾಗಿ ಹೇಳುವುದು ಸರಿ. ಡಿಕ್ಕಿಯಾದರೆ ನಿಧಾನವಾಗಿ ಹೇಳುವುದು ತಪ್ಪು, ಯಾಕೆಂದರೆ ಗಾಳಿಯಲ್ಲಿ ಇರುವ ಹೊತ್ತು ಹೆಚ್ಚಿದಷ್ಟೂ ಡಿಕ್ಕಿ ಹೆಚ್ಚುತ್ತದೆ. 1500 ಬೈಟಿನ ಒಂದು ಫ್ರೇಮಿಗೆ 300 ಮೆಗಾಬಿಟ್‌ನಲ್ಲಿ 40 ಮೈಕ್ರೋಸೆಕೆಂಡ್ ಸಾಕು, 30 ಮೆಗಾಬಿಟ್‌ಗೆ ಇಳಿದರೆ 400. ಹತ್ತು ಪಟ್ಟು ಹೊತ್ತು ರಸ್ತೆಯ ನಡುವೆ ನಿಂತ ಹಾಗೆ. ಮತ್ತೆ ಡಿಕ್ಕಿ, ಮತ್ತೆ ಇಳಿಕೆ, ಕೊನೆಗೆ ತಳದ ಮೆಟ್ಟಿಲು.

ಇದಕ್ಕೆ ಮದ್ದು ಚಾನೆಲನ್ನು ಕಿರಿದು ಮಾಡುವುದು. 80 ಮೆಗಾಹರ್ಟ್ಸ್ ಇದ್ದರೆ 40, 40 ಇದ್ದರೆ 20. ಅರ್ಧ ಮಾಡಿದಾಗಲೆಲ್ಲ ಗದ್ದಲ 3 ಡಿಬಿ ಕಡಿಮೆಯಾಗುತ್ತದೆ, ಹೆಚ್ಚುಕಡಿಮೆ ಒಂದು ಮೆಟ್ಟಿಲು ಲಾಭ, ಅದಕ್ಕಿಂತ ಮುಖ್ಯವಾಗಿ ನೆರೆಯವರ ಅರ್ಧ ಚಾನೆಲುಗಳು ನಮ್ಮಿಂದ ಆಚೆ ಹೋಗುತ್ತವೆ. ಮುಂಬೈಯ ಟೆರೇಸುಗಳ ಮೇಲೆ 80 ಮೆಗಾಹರ್ಟ್ಸ್ ಹಾಕುವುದು ನನ್ನ ಅಭಿಪ್ರಾಯದಲ್ಲಿ ಸುಮ್ಮನೆ ಕಷ್ಟ ಕರೆದುಕೊಂಡ ಹಾಗೆ. 20ರಲ್ಲಿ ಗಟ್ಟಿಯಾಗಿ ನಿಂತ ಲಿಂಕ್ 80ರಲ್ಲಿ ತೂಗಾಡುವ ಲಿಂಕಿಗಿಂತ ರಾತ್ರಿ ಒಂಬತ್ತಕ್ಕೆ ಹೆಚ್ಚು ಕೆಲಸ ಮಾಡುತ್ತದೆ. ಎರಡನೆಯದು, ದೊಡ್ಡ ಡಿಶ್. 30 ಡಿಬಿಐ ಡಿಶ್ ಹಾಕಿದರೆ 36 ಡಿಬಿಎಂ ಮಿತಿಗಾಗಿ ರೇಡಿಯೋ ಪವರನ್ನು 6ಕ್ಕೆ ಇಳಿಸಬೇಕು ನಿಜ, ಆದರೆ ಕೇಳುವ ಕಡೆಯ 7 ಡಿಬಿ ಲಾಭಕ್ಕೆ ಯಾವ ಮಿತಿಯೂ ಇಲ್ಲ. ಜೊತೆಗೆ ಕಿರಣ ಕಿರಿದಾದ್ದರಿಂದ ಪಕ್ಕದ ಗದ್ದಲ ಕಡಿಮೆ ಕೇಳುತ್ತದೆ. ಕಿರಣ ಐದಾರು ಡಿಗ್ರಿಗೆ ಬಂದಾಗ ಕಂಬ ಎರಡು ಮೂರು ಡಿಗ್ರಿ ವಾಲಿದರೂ 3 ಡಿಬಿ ಹೋಗುತ್ತದೆ, ಆದ್ದರಿಂದ ಕಂಬಕ್ಕೆ ಮೂರು ಕಡೆಯಿಂದ ತಂತಿ ಬಿಗಿಯಲೇಬೇಕು.

ಚಾನೆಲ್ ಆರಿಸುವಾಗ 5600ರಿಂದ 5650ರ ನಡುವೆ ಹೋಗಬೇಡಿ. ಮುಂಬೈಯ ವೇರಾವಲಿಯಲ್ಲಿ 2022ರಿಂದ ಹವಾಮಾನ ಇಲಾಖೆಯ ಸಿ-ಬ್ಯಾಂಡ್ ರಾಡಾರ್ ಇದೆ, ಅದು ಮಳೆ ನೋಡುವ ಕಣ್ಣು. ಅದಕ್ಕೆ ನಮ್ಮ ಕ್ಯಾಮೆರಾದ ಡೇಟಾ ಅಡ್ಡ ಬರಬಾರದು. ರಾಡಾರ್ ಹಂಚಿಕೊಂಡಿರುವ ಚಾನೆಲುಗಳಲ್ಲಿ ರೇಡಿಯೋಗೆ ರಾಡಾರಿನ ಮಿಡಿತ ಕೇಳಿಸಿದರೆ ಅದು ಹತ್ತು ಸೆಕೆಂಡಿನೊಳಗೆ ಜಾಗ ಬಿಟ್ಟು, ಅರ್ಧ ಗಂಟೆ ಅಲ್ಲಿಗೆ ಮರಳಬಾರದು. ಹೊಸ ಚಾನೆಲಲ್ಲಿ ಮಾತು ಶುರುಮಾಡುವ ಮುಂಚೆ ಕನಿಷ್ಠ 60 ಸೆಕೆಂಡ್ ಸುಮ್ಮನೆ ಕೇಳಬೇಕು. ನಿಮ್ಮ ಗ್ರಾಫಿನಲ್ಲಿ ಸರಿಯಾಗಿ ಒಂದು ನಿಮಿಷದ ಪೂರ್ತಿ ಮೌನ ಕಂಡರೆ ಅದು ಇದೇ.

ಮಳೆಗಾಲದ ಬಗ್ಗೆ ಇರುವ ಒಂದು ನಂಬಿಕೆಯನ್ನು ಸರಿಪಡಿಸಬೇಕು. ಜೂನ್ ಬಂದ ಕೂಡಲೇ "ಮಳೆ ಸಿಗ್ನಲ್ ತಿನ್ನುತ್ತದೆ" ಅನ್ನುತ್ತಾರೆ. ಗಂಟೆಗೆ 100 ಮಿಲಿಮೀಟರ್ ಹುಯ್ಯುವ ಮಳೆಯೂ 5.8 ಗಿಗಾಹರ್ಟ್ಸ್‌ನಲ್ಲಿ ಕಿಲೋಮೀಟರಿಗೆ ತಿನ್ನುವುದು ಹೆಚ್ಚೆಂದರೆ ಸುಮಾರು 1 ಡಿಬಿ. 3 ಕಿಲೋಮೀಟರಿಗೆ 3 ಡಿಬಿ, ಒಂದು ಮೆಟ್ಟಿಲು. (60 ಗಿಗಾಹರ್ಟ್ಸ್ ರೇಡಿಯೋ ಬೇರೆ ಮಾತು. ಅಲ್ಲಿ ಅದೇ ಮಳೆ ಕಿಲೋಮೀಟರಿಗೆ 30 ಡಿಬಿ ಹತ್ತಿರ ನುಂಗುತ್ತದೆ, ಅದನ್ನು ಮುಂಬೈಯಲ್ಲಿ ಕೆಲವು ನೂರು ಮೀಟರ್ ದಾಟಿಸಬೇಡಿ.) ಮಳೆಗಾಲದಲ್ಲಿ ಲಿಂಕನ್ನು ಕೊಲ್ಲುವುದು ಆಕಾಶದ ನೀರಲ್ಲ, ಕೇಬಲಿನೊಳಗಿನ ನೀರು. ಕನೆಕ್ಟರಿಗೆ ರಬ್ಬರ್ ಟೇಪನ್ನು ಎಳೆದು ಹಿಗ್ಗಿಸಿ, ಕೆಳಗಿನಿಂದ ಶುರುಮಾಡಿ ಮೇಲಕ್ಕೆ, ಒಂದು ಸುತ್ತಿನ ಅರ್ಧ ಇನ್ನೊಂದರ ಮೇಲೆ ಬರುವಂತೆ ಸುತ್ತಬೇಕು. ಊರಿನ ಮನೆಗೆ ಹೆಂಚು ಹೊದಿಸುವ ಕ್ರಮವೇ ಇದು, ಕೆಳಗಿನ ಸಾಲು ಮೊದಲು. ಮೇಲಿನಿಂದ ಕೆಳಕ್ಕೆ ಸುತ್ತಿದರೆ ಪ್ರತಿ ಮಡಿಕೆಯೂ ನೀರು ಹಿಡಿಯುವ ಬಟ್ಟಲಾಗುತ್ತದೆ. ಅದರ ಮೇಲೆ ಬಿಸಿಲಿಗೆ ತಡೆಯುವ ಕಪ್ಪು ಪಿವಿಸಿ ಟೇಪ್. ಕೇಬಲ್ ರೇಡಿಯೋಗೆ ಸೇರುವ ಮುಂಚೆ ಒಂದು ಗೇಣು ಕೆಳಗೆ ಇಳಿಬಿದ್ದು ಮೇಲೇರಲಿ, ನೀರು ಅಲ್ಲೇ ತೊಟ್ಟಿಕ್ಕಲಿ. ಆರ್‌ಜೆ-45ರ (ಈಥರ್ನೆಟ್ ಕೇಬಲಿನ ತುದಿಯ ಪ್ಲಗ್) ಪಿನ್ನುಗಳು ಹಸಿರುಗಟ್ಟಿದರೆ ಈಥರ್ನೆಟ್ 1000ದಿಂದ 100ಕ್ಕೆ, ಕೆಲವೊಮ್ಮೆ 10ಕ್ಕೆ ಇಳಿಯುತ್ತದೆ. ಗಾಳಿಯಲ್ಲಿ ಎಂಸಿಎಸ್ 9 ಇದ್ದು ಕೈಗೆ 9 ಮೆಗಾಬಿಟ್ ಸಿಗುತ್ತಿದ್ದರೆ ಡಿಶ್ ಮುಟ್ಟಬೇಡಿ, ಪಿನ್ ನೋಡಿ. ಪೋರ್ಟಿನ ವೇಗವನ್ನೂ ಬರೆದಿಡಿ ಎಂದದ್ದು ಇದಕ್ಕಾಗಿ.

ಕಾಂಡ್ಲಾ ಗಿಡಗಳನ್ನೂ ಮರೆಯಬಾರದು. 3 ಕಿಲೋಮೀಟರಿನ ನಡುವಿನಲ್ಲಿ ಅಲೆಗೆ ಬೇಕಾದ ಜಾಗದ ತ್ರಿಜ್ಯ 6.2 ಮೀಟರ್, ಅದರಲ್ಲಿ ನೂರಕ್ಕೆ 60 ಪಾಲು, ಅಂದರೆ 3.7 ಮೀಟರ್ ಖಾಲಿ ಇರಲೇಬೇಕು. ಇಪ್ಪತ್ತು ಮೀಟರ್ ಎತ್ತರದಲ್ಲಿ ಇದು ತೊಂದರೆಯಲ್ಲ. ಎರಡು ಮಹಡಿಯ ಗೋದಾಮಿನ ಮೇಲೆ ಕಟ್ಟಿದರೆ ದಡದ ಗಿಡಗಳ ತುದಿ ಅಡ್ಡ ಬರುತ್ತದೆ, ಒದ್ದೆಯಾದಾಗ ಇನ್ನೂ ಹೆಚ್ಚು. ಗಿಡ ಕಡಿಯುವ ಯೋಚನೆಯೇ ಬೇಡ, ಅವಕ್ಕೆ ಕಾನೂನಿನ ರಕ್ಷಣೆ ಇದೆ. ಕಂಬ ಎತ್ತರಿಸಿ.

ಇದೇ ಖಾಡಿಯ ಮೇಲಿನ ರೈಲ್ವೆ ಸೇತುವೆಯಲ್ಲಿ ಹಾರ್ಬರ್ ಲೈನಿನ ಲೋಕಲ್ ಹೋಗುವಾಗ ಒಳಗೆ ಕೂತವರ ಫೋನು ಪೂರ್ತಿ ಬೇರೆ ಲೋಕದಲ್ಲಿರುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗ, 2300 ಮೆಗಾಹರ್ಟ್ಸ್ ಎಂದರೆ ಚಾನೆಲ್ ಎರಡೂವರೆ ಮಿಲಿಸೆಕೆಂಡಿಗೊಮ್ಮೆ ಬದಲಾಗುತ್ತದೆ. 4ಜಿ ಫೋನು "ನನಗೆ ಇಷ್ಟು ಕೇಳುತ್ತಿದೆ" ಎಂದು 0ಯಿಂದ 15ರ ನಡುವಿನ ಒಂದು ಅಂಕಿ ಕಳಿಸಿ, ಟವರ್ ಅದನ್ನು ಓದಿ ಮೆಟ್ಟಿಲು ಆರಿಸುವ ಹೊತ್ತಿಗೆ ಆ ಸುದ್ದಿ ಹಳಸಿರುತ್ತದೆ. ಅದಕ್ಕೆ ಟವರ್ ಫೋನಿನ ಮಾತನ್ನು ಪೂರ್ತಿ ನಂಬುವುದಿಲ್ಲ. ನೂರರಲ್ಲಿ ಹತ್ತು ಬ್ಲಾಕ್ (ಡೇಟಾದ ಕಟ್ಟು) ಮೊದಲ ಸಲ ಕೆಡಬಹುದು ಎಂದು ಗುರಿ ಇಟ್ಟುಕೊಂಡು, ಒಂದು ಕೆಟ್ಟರೆ ತನ್ನ ಅಂದಾಜನ್ನು 0.9 ಡಿಬಿ ಇಳಿಸುವುದು, ಒಂದು ಸರಿಹೋದರೆ 0.1 ಏರಿಸುವುದು, ಹೀಗೆ ಒಂದಕ್ಕೆ ಒಂಬತ್ತರ ಪ್ರಮಾಣದಲ್ಲಿ ತಿದ್ದಿಕೊಳ್ಳುತ್ತದೆ. ಕೆಟ್ಟ ಬ್ಲಾಕನ್ನು ಬಿಸಾಡದೆ ಇಟ್ಟುಕೊಂಡು ಮತ್ತೆ ಬಂದದ್ದರ ಜೊತೆ ಕೂಡಿಸಿ ಓದುತ್ತಾರೆ. ನಿಂತ ಡಿಶ್ಶಿಗೆ ಈ ಆತುರ ಬೇಡ, ಅದರ ಗುಂಡಿಗಳು ಗಂಟೆಗಳ ಲೆಕ್ಕದವು. ಅಲ್ಲಿ ಆತುರದಿಂದ ಮೆಟ್ಟಿಲು ಬದಲಿಸುವುದೇ ನಷ್ಟ.

ಹಾಗಾಗಿ ಸೆಟ್ಟಿಂಗಿನಲ್ಲಿ ಎಂಸಿಎಸ್‌ಗೆ ಮೇಲಿನ ಮಿತಿ ಹಾಕುವುದು ಒಳ್ಳೆಯದು. ಲಿಂಕ್ ದಿನವಿಡೀ 8 ಮತ್ತು 9ರ ನಡುವೆ ತುಯ್ದಾಡುತ್ತ ಮರುಕಳಿಕೆ ಶೇಕಡಾ 15 ಮೀರಿದ್ದರೆ 7ಕ್ಕೆ ನಿಲ್ಲಿಸಿ. 360ರ ಬದಲು 270 ಕಾಣುತ್ತದೆ, ಮರುಕಳಿಕೆ ಶೇಕಡಾ 5ರೊಳಗೆ ಬರುತ್ತದೆ, ಕ್ಯಾಮೆರಾದ ಚಿತ್ರ ತಡವರಿಸುವುದು ನಿಲ್ಲುತ್ತದೆ. ಕೆಳಗಿನ ಮಿತಿ ಹಾಕಬೇಡಿ. ಗುಂಡಿಯಲ್ಲಿ ರೇಡಿಯೋ ತಳದ ಮೆಟ್ಟಿಲಿಗೆ ಹೋಗಲಿ, ಅದೊಂದೇ ಅದರ ಉಳಿವು.

ಆ ತಳದ ಮೆಟ್ಟಿಲಲ್ಲಿ ಏನು ಹೋಗಬೇಕು ಅನ್ನುವುದನ್ನು ಮೊದಲೇ ತೀರ್ಮಾನಿಸಿ. 16 ಕ್ಯಾಮೆರಾ, ತಲಾ 4 ಮೆಗಾಬಿಟ್, ಒಟ್ಟು 64. ರಾತ್ರಿಯ ಗದ್ದಲದ ಹೊತ್ತಿಗೇ ಭರತದ ಗುಂಡಿಯೂ ಬಂದರೆ ಅಂತರ 7 ಡಿಬಿಗೆ ಇಳಿದು ಗಾಳಿಯ ವೇಗ 54 ಮೆಗಾಬಿಟ್, ಕೈಗೆ 30 ಸಿಕ್ಕರೆ ಪುಣ್ಯ. 64 ಹಿಡಿಯದು. ವಿಡಿಯೋ ಸಾಲುಗಟ್ಟಿ ನಿಲ್ಲುತ್ತದೆ, ಕೆಲವೇ ಕಿಲೋಬಿಟ್ ಬೇಕಾದ ಬಿಲ್ಲು ಅದರ ಹಿಂದೆ ಸಿಕ್ಕಿಬಿದ್ದು ಕೌಂಟರಿನಲ್ಲಿ ಗಿರಾಕಿ ಕಾಯುತ್ತಾರೆ. ರೌಟರಿನಲ್ಲಿ ಬಿಲ್ಲಿಂಗ್ ಮೊದಲು, ಫೋನ್ ಕರೆ ಎರಡನೆಯದು, ಕ್ಯಾಮೆರಾ ಕೊನೆಗೆ ಎಂದು ಸರದಿ ಕೊಡಿ. ಕ್ಯಾಮೆರಾಗಳ ದೊಡ್ಡ ಚಿತ್ರ ಆ ದಡದ ರೆಕಾರ್ಡರಿನಲ್ಲೇ ಉಳಿಯಲಿ, ಖಾಡಿ ದಾಟುವುದು ಅರ್ಧ ಮೆಗಾಬಿಟ್‌ನ ಸಣ್ಣ ಚಿತ್ರ ಮಾತ್ರ ಸಾಕು. 16ಕ್ಕೂ ಸೇರಿ 8 ಮೆಗಾಬಿಟ್, ತಳದ ಮೆಟ್ಟಿಲಿನಲ್ಲೂ ಹಿಡಿಯುತ್ತದೆ.

ಎರಡು ರೇಡಿಯೋ ಹಾಕಿದವರು ಒಂದರಿಂದ ಇನ್ನೊಂದಕ್ಕೆ ಹೊರಳುವ ನಿಯಮವನ್ನೂ ಬರೆಯಬೇಕು. ಸಿಗ್ನಲ್ -70ಕ್ಕಿಂತ ಕೆಳಗೆ 10 ಸೆಕೆಂಡ್ ಇದ್ದರೆ ಹೊರಳು, -64ಕ್ಕಿಂತ ಮೇಲೆ 5 ನಿಮಿಷ ನಿಂತರೆ ಮಾತ್ರ ಹಿಂದಿರುಗು. ಎರಡು ಅಂಕಿ ಒಂದೇ ಆಗಿದ್ದರೆ ಗುಂಡಿಯ ಅಂಚಿನಲ್ಲಿ, ನೀರು ಒಂದೆರಡು ಸೆಂಟಿಮೀಟರ್ ತುಳುಕಿದಾಗಲೆಲ್ಲ, ಲಿಂಕ್ ಆ ಕಡೆ ಈ ಕಡೆ ಜಿಗಿಯುತ್ತಲೇ ಇರುತ್ತದೆ. ಪ್ರತಿ ಜಿಗಿತಕ್ಕೂ ಬಿಲ್ಲಿನ ಯಂತ್ರ ಒಮ್ಮೆ ಸಂಪರ್ಕ ಕಳೆದುಕೊಳ್ಳುತ್ತದೆ.